ಕೇರ್ ಹೋಮ್‌ನಲ್ಲಿ ಹಿರಿಯರ ಮೇಲೆ ದೌರ್ಜನ್ಯ ನಡೆದ ಸಂಶಯ ಬಂದರೆ ಮೇಲಿನವರಿಗೆ ಹೇಳಿದರೆ ಸಾಕೇ, ಸರ್ಕಾರಕ್ಕೂ ವರದಿ ಮಾಡಬೇಕೇ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯವಳು. ಎರಡು ವರ್ಷಗಳಿಂದ ಕೆನಡಾದ ಒಂಟಾರಿಯೊದಲ್ಲಿ, ಟೊರಾಂಟೊ ಸಮೀಪದ ಒಂದು ಲಾಂಗ್ ಟರ್ಮ್ ಕೇರ್ ಹೋಮ್‌ನಲ್ಲಿ ಪಿಎಸ್‌ಡಬ್ಲ್ಯು (ಪರ್ಸನಲ್ ಸಪೋರ್ಟ್ ವರ್ಕರ್, ಅಂದರೆ ಆರೈಕೆ ಸಹಾಯಕಿ) ಆಗಿದ್ದೇನೆ. ಹಿರಿಯರಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ಬಟ್ಟೆ ಬದಲಿಸುವುದು, ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸುವುದು ನನ್ನ ಕೆಲಸ. ಈಗ ಬರೆಯುತ್ತಿರುವ ವಿಷಯವನ್ನು ಮನೆಯಲ್ಲೂ ಪೂರ್ತಿಯಾಗಿ ಹೇಳಿಕೊಂಡಿಲ್ಲ.

ನಾನು ನೋಡಿಕೊಳ್ಳುವ ಕೋಣೆಗಳ ಪೈಕಿ ಒಂದರಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಮರೆವಿನ ಕಾಯಿಲೆ ಬಲಿತಿರುವುದರಿಂದ ಇಂಗ್ಲಿಷ್ ಮರೆತುಹೋಗಿ, ಚಿಕ್ಕಂದಿನ ಪೋರ್ಚುಗೀಸ್ ಭಾಷೆಯೊಂದೇ ಉಳಿದಿದೆ. ಹೋದ ವಾರ ಬೆಳಗಿನ ಪಾಳಿಗೆ ಹೋಗಿ ಅವರ ನೈಟಿ ಬದಲಿಸುವಾಗ ಎಡ ತೋಳಿನ ಒಳಬದಿಯಲ್ಲಿ ಸಾಲಾಗಿ ನಾಲ್ಕು ನೀಲಿ ಕಲೆಗಳು, ಹೊರಬದಿಯಲ್ಲಿ ಹೆಬ್ಬೆರಳಿನಗಲದ ಒಂದು ಕಲೆ ಕಂಡವು. ನಾನು ತೋಳಿನತ್ತ ಕೈ ಚಾಚಿದೊಡನೆ ಅವರು ಕಣ್ಣು ಬಿಗಿಯಾಗಿ ಮುಚ್ಚಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಕೈಗೆ ಸಿಗುವಂತೆ ದಿಂಬಿನ ಪಕ್ಕ ಇರಬೇಕಾದ ಕಾಲ್ ಬೆಲ್‌ನ ವೈರನ್ನು ಯಾರೋ ಸುತ್ತಿ ಮಂಚದ ಹಿಂದಿನ ಕೊಕ್ಕೆಗೆ ಸಿಕ್ಕಿಸಿದ್ದರು. ಹಿಂದಿನ ಎರಡು ಬೆಳಗ್ಗೆಯೂ ಅದು ಅಲ್ಲೇ ಇತ್ತು. ಆಗ ನಾನು ಅದಕ್ಕೆ ಮಹತ್ವ ಕೊಟ್ಟಿರಲಿಲ್ಲ ಎಂಬುದನ್ನು ನೆನೆದರೆ ಈಗ ಸಂಕಟವಾಗುತ್ತದೆ.

ಆ ಮೂರೂ ರಾತ್ರಿ ಪಾಳಿಯಲ್ಲಿದ್ದವರು ಹನ್ನೆರಡು ವರ್ಷಗಳ ಅನುಭವವಿರುವ ಹಿರಿಯ ಸಹೋದ್ಯೋಗಿ. ನಾನು ಹೊಸದಾಗಿ ಸೇರಿದಾಗ ಲಿಫ್ಟ್ ಯಂತ್ರದಲ್ಲಿ ಜನರನ್ನು ನೋವಾಗದಂತೆ ಎತ್ತುವುದನ್ನು ನನಗೆ ಕಲಿಸಿದವರೂ ಅವರೇ. ಅದೇ ದಿನ ಪಾಳಿಯ ಉಸ್ತುವಾರಿ ಹೊತ್ತ ಚಾರ್ಜ್ ನರ್ಸ್‌ಗೆ ತಿಳಿಸಿದೆ. ಈ ವಯಸ್ಸಿನವರ ಚರ್ಮ ಕಾಗದದ ಹಾಗೆ, ಮುಟ್ಟಿದರೂ ಕಲೆ ಬೀಳುತ್ತದೆ, ನಾನು ವಿಚಾರಿಸುತ್ತೇನೆ ಎಂದರು. ನಾಲ್ಕು ದಿನ ಕಳೆದರೂ ನನ್ನನ್ನು ಯಾರೂ ಏನೂ ಕೇಳಿಲ್ಲ. ನಿನ್ನೆ ಬೆಳಗ್ಗೆ ಬೆಲ್ ಮತ್ತೆ ಕೊಕ್ಕೆಯ ಮೇಲಿತ್ತು.

ಚಾರ್ಜ್ ನರ್ಸ್‌ಗೆ ಹೇಳಿದ ಮೇಲೆ ನನ್ನ ಕರ್ತವ್ಯ ಮುಗಿಯಿತೇ, ಅಥವಾ ಪ್ರಾಂತ್ಯದ ಲಾಂಗ್ ಟರ್ಮ್ ಕೇರ್ ಸಚಿವಾಲಯಕ್ಕೆ ನಾನೇ ವರದಿ ಮಾಡಬೇಕೇ? ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ; ನನ್ನ ಊಹೆ ತಪ್ಪಾಗಿದ್ದರೆ ಒಬ್ಬರ ಅನ್ನಕ್ಕೆ ಕಲ್ಲು ಹಾಕಿದಂತಾಗುವುದಿಲ್ಲವೇ? ಇನ್ನೂ ವರ್ಕ್ ಪರ್ಮಿಟ್ ಮೇಲಿರುವ ನಾನು ಪಿಆರ್ (ಕಾಯಂ ವಾಸದ ಹಕ್ಕು) ಅರ್ಜಿಗೆ ಇದೇ ಸಂಸ್ಥೆಯ ಅನುಭವ ಪತ್ರವನ್ನು ಕೊಡಬೇಕಾಗಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಹಳೆಯ ನರ್ಸ್

ತಂಗೀ, ಚಾರ್ಜ್ ನರ್ಸ್‌ಗೆ ಹೇಳಿದ ಮಾತ್ರಕ್ಕೆ ನಿಮ್ಮ ಹೊಣೆ ಮುಗಿಯಲಿಲ್ಲ. ಹದಿನೇಳು ವರ್ಷ ಇದೇ ಪ್ರಾಂತ್ಯದ ಕೇರ್ ಹೋಮ್‌ಗಳಲ್ಲಿ ದುಡಿದವಳಾಗಿ ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

ಇಲ್ಲಿ ಈಗ ಜಾರಿಯಲ್ಲಿರುವುದು 2022ರ ಏಪ್ರಿಲ್ 11ರಂದು ಜಾರಿಗೆ ಬಂದ ಫಿಕ್ಸಿಂಗ್ ಲಾಂಗ್ ಟರ್ಮ್ ಕೇರ್ ಆ್ಯಕ್ಟ್, 2021. ಅದರ 28ನೆಯ ಕಲಮಿನ ಪ್ರಕಾರ, ನಿವಾಸಿಯೊಬ್ಬರ ಮೇಲೆ ಯಾರಿಂದಲೇ ಆಗಲಿ ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದು ಎಂದು ಸಂಶಯಪಡಲು ಸಕಾರಣವಿದ್ದರೆ, ಆ ಸಂಶಯವನ್ನೂ ಅದಕ್ಕೆ ಆಧಾರವಾದ ಮಾಹಿತಿಯನ್ನೂ ಕೂಡಲೇ ಸಚಿವಾಲಯದ ನಿರ್ದೇಶಕರಿಗೆ ತಿಳಿಸಬೇಕು. ಅಪಾಯವುಂಟುಮಾಡುವ ತಪ್ಪು ಚಿಕಿತ್ಸೆ, ನಿರ್ಲಕ್ಷ್ಯ, ನಿವಾಸಿಯ ಹಣದ ದುರುಪಯೋಗ ಇವೂ ಅದೇ ಕಲಮಿನಲ್ಲಿವೆ. ಕಾಯ್ದೆ ಕೇಳುವುದು ಸಂಶಯವನ್ನು, ಪುರಾವೆಯನ್ನಲ್ಲ. ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ತನಿಖಾಧಿಕಾರಿಯ ಕೆಲಸ. ತಪ್ಪಾಗಿದ್ದರೆ ಎಂಬ ನಿಮ್ಮ ಅಳುಕಿಗೆ ಉತ್ತರ ಅಲ್ಲೇ ಇದೆ: ಸುಳ್ಳೆಂದು ತಿಳಿದೂ ವರದಿಯಲ್ಲಿ ಬರೆಯುವುದು ಅಪರಾಧ; ಕಂಡದ್ದನ್ನು ಕಂಡಂತೆ ಹೇಳಿ, ಕಾರಣ ಬೇರೆಯೇ ಎಂದು ಆಮೇಲೆ ಗೊತ್ತಾದರೆ ಅದು ಅಪರಾಧವಲ್ಲ. ನೀವು ಸಹೋದ್ಯೋಗಿಯ ಹೆಸರು ಹೇಳಿ ಆರೋಪ ಹೊರಿಸಬೇಕಾಗಿಯೂ ಇಲ್ಲ. ಇಂಥ ದಿನ, ಇಷ್ಟು ಹೊತ್ತಿಗೆ, ಎಡ ತೋಳಿನ ಒಳಬದಿಯಲ್ಲಿ ನಾಲ್ಕು ಕಲೆ ಕಂಡೆ, ಕಾಲ್ ಬೆಲ್ ಕೈಗೆಟುಕದ ಕಡೆ ಇತ್ತು, ಮುಟ್ಟಹೋದಾಗ ಅವರು ಹೀಗೆ ವರ್ತಿಸಿದರು, ನಾನು ಇಂಥವರಿಗೆ ತಿಳಿಸಿದೆ: ಇಷ್ಟೇ ಸಾಕು.

ವಯಸ್ಸಾದವರ ಚರ್ಮ ತೆಳುವಾಗುತ್ತದೆ ಎಂಬುದು ನಿಜ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ರಕ್ತದೊತ್ತಡ ಅಳೆಯುವ ಪಟ್ಟಿಯಿಂದಲೂ ಕಲೆ ಬೀಳುವುದನ್ನು ನಾನು ನೋಡಿದ್ದೇನೆ. ಆದರೆ ಅಂಥ ಕಲೆಗಳು ಹೆಚ್ಚಾಗಿ ಮುಂಗೈಯಲ್ಲಿ, ಮೊಣಕಾಲಿನಲ್ಲಿ, ಎಲ್ಲಿ ತಗಲುತ್ತದೆಯೋ ಅಲ್ಲಿ ಇರುತ್ತವೆ. ಮೇಲ್ದೋಳಿನ ಒಳಬದಿಗೆ ಏನೂ ತಾನಾಗಿ ತಗಲುವುದಿಲ್ಲ. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಒಂದು ಎಂದರೆ ಯಾರೋ ಹಿಡಿದಿದ್ದಾರೆ. ಬೀಳದಂತೆ ತಡೆಯಲು ಹಿಡಿದರೋ, ಸಿಟ್ಟಿನಿಂದ ಹಿಡಿದರೋ ಎಂಬುದನ್ನು ನೀವಾಗಲಿ ನಾನಾಗಲಿ ಇಲ್ಲಿ ಕೂತು ಹೇಳಲಾಗದು. ಅದಕ್ಕೇ ವರದಿ ಬೇಕಾಗಿರುವುದು. ಇನ್ನು ಬೆಲ್ಲನ್ನು ಕೊಕ್ಕೆಗೆ ಸಿಕ್ಕಿಸುವುದಕ್ಕೆ ಚರ್ಮ ತೆಳುವಾಗಿರುವುದು ಕಾರಣವಾಗಲಾರದು. ಪದೇ ಪದೇ ಹಾಗೆ ಮಾಡಿ ನೆರವು ಸಿಗದಂತೆ ಮಾಡುವುದು ನಿಯಮಾವಳಿಯಲ್ಲಿ ಹೇಳಿರುವ ನಿರ್ಲಕ್ಷ್ಯದ ವ್ಯಾಖ್ಯೆಗೇ ಬರುತ್ತದೆ.

ನಿಮ್ಮ ಕೈಯಲ್ಲೇ ಇರುವ ಒಂದು ದಾರಿ ಹೇಳುತ್ತೇನೆ. ನಾಳೆ ಪಾಳಿಗೆ ಹೋದಾಗ ಸೂಚನಾ ಫಲಕದ ಮುಂದೆ ಎರಡು ನಿಮಿಷ ನಿಲ್ಲಿ. ವರದಿ ಮಾಡುವ ಕಡ್ಡಾಯ ಕರ್ತವ್ಯ, ವರದಿ ಮಾಡಿದವರಿಗಿರುವ ರಕ್ಷಣೆ, ಸಚಿವಾಲಯಕ್ಕೆ ದೂರು ಕೊಡಬೇಕಾದ ದೂರವಾಣಿ ಸಂಖ್ಯೆ ಇಷ್ಟನ್ನೂ ಪ್ರತಿ ಹೋಮ್ ಎಲ್ಲರಿಗೂ ಕಾಣುವಂತೆ ಹಾಕಿರಲೇಬೇಕು. ಕೆಲಸಕ್ಕೆ ಹಚ್ಚುವ ಮುನ್ನ ನಿಮಗೆ ಇದೇ ವಿಷಯಗಳ ತರಬೇತಿಯನ್ನೂ ಕೊಟ್ಟಿರಬೇಕು. ಅನೇಕ ಕಡೆ ಕಂಪ್ಯೂಟರಿನ ಮುಂದೆ ಕೂರಿಸಿ, ಪುಟ ತಿರುಗಿಸಿ, ಸಹಿ ಹಾಕಿಸಿಕೊಂಡು ಕಳುಹಿಸುತ್ತಾರೆ ಎಂಬುದು ಬೇರೆ ಮಾತು.

ಫೋಟೊ ತೆಗೆಯಬೇಡಿ. ನಿವಾಸಿಯ ದೇಹದ ಚಿತ್ರ ನಿಮ್ಮ ಸ್ವಂತ ಫೋನಿನಲ್ಲಿದ್ದರೆ ಅದು ಅವರ ಖಾಸಗಿತನದ ಉಲ್ಲಂಘನೆಯಾಗಿ, ಮಾತು ಅಜ್ಜಿಯ ತೋಳನ್ನು ಬಿಟ್ಟು ನಿಮ್ಮ ಫೋನಿನ ಕಡೆಗೆ ಹೊರಳುತ್ತದೆ. ಅದರ ಬದಲು ಕಲೆಯ ಜಾಗ, ಅಳತೆ, ಬಣ್ಣ, ಹೊತ್ತು ಎಲ್ಲವನ್ನೂ ಅಂದಂದಿನ ದಾಖಲೆಯಲ್ಲಿ ಬರೆಯಿರಿ.

ಉದ್ಯೋಗದ ಬಗ್ಗೆ: 30ನೆಯ ಕಲಮು ವರದಿ ಮಾಡಿದವರನ್ನು ಕೆಲಸದಿಂದ ತೆಗೆಯುವುದನ್ನು, ಅಮಾನತು ಮಾಡುವುದನ್ನು, ಶಿಸ್ತುಕ್ರಮ ಕೈಗೊಳ್ಳುವುದನ್ನು, ಬೆದರಿಸುವುದನ್ನು ನಿಷೇಧಿಸುತ್ತದೆ, ಅಲ್ಲಿ ಪೌರರು, ಪರ್ಮಿಟ್‌ನವರು ಎಂಬ ಭೇದವಿಲ್ಲ. ಹಾಗೇನಾದರೂ ನಡೆದರೆ ಒಂಟಾರಿಯೊ ಕಾರ್ಮಿಕ ಸಂಬಂಧಗಳ ಮಂಡಳಿಗೆ ದೂರು ಕೊಡಬಹುದು. ಯೂನಿಯನ್ ಇದ್ದರೆ ಪ್ರತಿನಿಧಿಗೆ ಈಗಲೇ ಒಂದು ಮಾತು ಹೇಳಿಡಿ. ಕಾಗದದ ಮೇಲಿನ ರಕ್ಷಣೆ ಇದ್ದ ಮಾತ್ರಕ್ಕೆ ಎದೆಬಡಿತ ನಿಲ್ಲುವುದಿಲ್ಲ ಎಂದು ನನಗೂ ಗೊತ್ತು. ಆದರೆ ಅದೇ ಕಾಯ್ದೆಯಲ್ಲಿ, ವರದಿ ಮಾಡದೆ ಸುಮ್ಮನಿರುವ ಸಿಬ್ಬಂದಿ ಅಪರಾಧಿಯಾಗುತ್ತಾರೆ ಎಂಬುದೂ ಇದೆ. ನಿಮ್ಮ ಚಾರ್ಜ್ ನರ್ಸ್‌ಗೂ ಅದು ಅನ್ವಯಿಸುತ್ತದೆ.

ಇಷ್ಟೆಲ್ಲ ಒತ್ತಿ ಹೇಳಲು ಕಾರಣವಿದೆ. ಇದೇ ಪ್ರಾಂತ್ಯದಲ್ಲಿ ಎಲಿಜಬೆತ್ ವೆಟ್‌ಲಾಫರ್ ಎಂಬ ನರ್ಸ್ 2007ರಿಂದ 2014ರವರೆಗೆ ಇನ್ಸುಲಿನ್ ಚುಚ್ಚಿ ಎಂಟು ನಿವಾಸಿಗಳನ್ನು ಕೊಂದಳು. ಯಾರಿಗೂ ಸುಳಿವು ಸಿಗಲಿಲ್ಲ; 2016ರಲ್ಲಿ ಆಕೆಯೇ ಬಾಯಿಬಿಟ್ಟಾಗ ಲೋಕಕ್ಕೆ ಗೊತ್ತಾಯಿತು. ನ್ಯಾಯಮೂರ್ತಿ ಐಲೀನ್ ಗಿಲ್ಲಿಸ್ ಅವರ ವಿಚಾರಣಾ ಆಯೋಗ 2019ರ ಜುಲೈನಲ್ಲಿ 91 ಶಿಫಾರಸುಗಳೊಂದಿಗೆ ಕೊಟ್ಟ ವರದಿಯಲ್ಲಿ, ತಪ್ಪೊಪ್ಪಿಗೆ ಇಲ್ಲದಿದ್ದರೆ ಈ ಅಪರಾಧಗಳು ಬಯಲಾಗುತ್ತಲೇ ಇರಲಿಲ್ಲ ಎಂದಿತು. ನಿಮ್ಮ ಸಹೋದ್ಯೋಗಿಯನ್ನು ಆಕೆಗೆ ಹೋಲಿಸುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ವಯಸ್ಸಾದವರ ದೇಹದಲ್ಲಿ ಏನು ಕಂಡರೂ ವಯಸ್ಸೇ ಕಾರಣ ಎಂದು ನಂಬುವ ನಮ್ಮ ಅಭ್ಯಾಸ ಎಷ್ಟನ್ನು ಮುಚ್ಚಿಡಬಲ್ಲದು ಎಂಬುದನ್ನು ನಾನು ಆ ವರದಿ ಓದಿದ ಮೇಲೆ ಮರೆತಿಲ್ಲ. ಇವತ್ತೇ ಫೋನ್ ಮಾಡಿ. ನಾಲ್ಕು ದಿನ ತಡವಾಗಿದೆ ಎಂಬುದು ಐದನೆಯ ದಿನವೂ ಸುಮ್ಮನಿರಲು ಕಾರಣವಲ್ಲ.

ಉತ್ತರ 2: ಮಲೆನಾಡಿಗ

ನಾನು ನರ್ಸ್ ಅಲ್ಲ, ವಕೀಲನೂ ಅಲ್ಲ. ಇಂಥ ಹೋಮ್ ಒಂದರಲ್ಲಿ ತಾಯಿಯನ್ನು ಇರಿಸಿದ್ದ ಮಗ. ತುಂಗಾತೀರ ಅವರು ಬರೆದದ್ದನ್ನು ಓದಿ, ಆ ಅಜ್ಜಿಯ ಮಕ್ಕಳಿಗೆ ಹೀಗೊಂದು ಯೋಚನೆ ತಮ್ಮ ತಾಯಿಗಾಗಿ ನಡೆದಿದೆ ಎಂದು ಗೊತ್ತಿರಲಾರದು ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮಮ್ಮನಿಗೂ ಕೊನೆಯಲ್ಲಿ ಕನ್ನಡವೊಂದೇ ಉಳಿದಿತ್ತು. ನಾನು ಭಾನುವಾರ ಹೋದಾಗಲೆಲ್ಲ ನೀರು ಕೊಡಲ್ಲ ಕಣೋ ಎನ್ನುತ್ತಿದ್ದರು. ಅದೇ ಬಾಯಿಯಲ್ಲಿ ಕೊಟ್ಟಿಗೆಗೆ ಹುಲ್ಲು ಹಾಕಿದೆಯಾ ಎಂದೂ ಕೇಳುತ್ತಿದ್ದರಿಂದ ಎರಡನ್ನೂ ಮರೆವಿನ ಲೆಕ್ಕಕ್ಕೇ ಹಾಕಿಬಿಟ್ಟೆ. ಅವರ ಕಪ್ಪು ದಿನವಿಡೀ ಕಿಟಕಿಯ ಕಟ್ಟೆಯ ಮೇಲೆ ತುಂಬಿಯೇ ಇರುತ್ತಿತ್ತು. ತುಂಬಿದೆಯಲ್ಲ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ. ಮಂಚದಿಂದ ಕಟ್ಟೆಗೆ ಕೈ ಎಟುಕುತ್ತದೆಯೇ ಎಂದು ಒಮ್ಮೆಯೂ ನೋಡಲಿಲ್ಲ. ಹಾಸಿಗೆ ಒದ್ದೆಯಾಗುವುದು ಕಡಿಮೆಯಾಗಲಿ ಎಂದು ಸಂಜೆಯ ಮೇಲೆ ನೀರು ಕೊಡದಿರುವುದು ಆ ಮಹಡಿಯ ರೂಢಿಯಾಗಿಬಿಟ್ಟಿತ್ತು. ಅದನ್ನು ವರದಿ ಮಾಡಿದ್ದು ನಾನಲ್ಲ, ನನಗೆ ಇಂದಿಗೂ ಹೆಸರು ಗೊತ್ತಿಲ್ಲದ ಒಬ್ಬ ಸಿಬ್ಬಂದಿ. ಮುನ್ಸೂಚನೆಯಿಲ್ಲದೆ ಸಚಿವಾಲಯದ ಇನ್‌ಸ್ಪೆಕ್ಟರ್ ಬಂದರು, ದಾಖಲೆ ನೋಡಿದರು, ನನ್ನನ್ನೂ ಮಾತನಾಡಿಸಿದರು. ತಪಾಸಣಾ ವರದಿ ನಿವಾಸಿಗಳ ಹೆಸರಿಲ್ಲದೆ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. ಅದರಲ್ಲಿ ನಮ್ಮಮ್ಮನ ವಿಷಯ ಇದ್ದದ್ದು ನಾಲ್ಕು ಸಾಲು. ಅದನ್ನು ನಾನು ಮುದ್ರಿಸಿ ಇಟ್ಟುಕೊಂಡಿದ್ದೇನೆ.

ಕುಟುಂಬದವರು ತಿಳಿದಿರಬೇಕಾದದ್ದನ್ನೂ ಸೇರಿಸುತ್ತೇನೆ. ದೌರ್ಜನ್ಯದಿಂದ ಗಾಯವೋ ನೋವೋ ಆಗಿರುವ ಸಂಶಯವಿದ್ದರೆ ನಿವಾಸಿಯ ಪರವಾಗಿ ತೀರ್ಮಾನ ತೆಗೆದುಕೊಳ್ಳುವವರಿಗೆ ಹೋಮ್ ಕೂಡಲೇ ತಿಳಿಸಬೇಕು. ಬೇರೆ ಬಗೆಯ ಘಟನೆಯಾದರೆ 12 ಗಂಟೆಯೊಳಗೆ ತಿಳಿಸಬೇಕು. ಅಲ್ಲದೆ ರಿಟೈರ್ಮೆಂಟ್ ಹೋಮ್ ಬೇರೆ, ಲಾಂಗ್ ಟರ್ಮ್ ಕೇರ್ ಹೋಮ್ ಬೇರೆ. ಮೊದಲನೆಯದಕ್ಕೆ 2010ರ ಪ್ರತ್ಯೇಕ ಕಾಯ್ದೆಯೂ ಪ್ರತ್ಯೇಕ ಪ್ರಾಧಿಕಾರವೂ ಇವೆ. ಅಲ್ಲೂ ವರದಿ ಕಡ್ಡಾಯ, ಆದರೆ ಹೋಗಬೇಕಾದ ಬಾಗಿಲು ಬೇರೆ. ನಮ್ಮವರಲ್ಲಿ ಅನೇಕರು ಎರಡನ್ನೂ ಒಂದೇ ಎಂದುಕೊಂಡು ವಾರಗಟ್ಟಲೆ ತಪ್ಪು ಕಡೆ ಅಲೆದಿರುವುದನ್ನು ಕಂಡಿದ್ದೇನೆ.

ಉತ್ತರ 3: ಧಾರವಾಡದ ವಕೀಲ

ಊರಿನಲ್ಲಿ ತಂದೆತಾಯಿಯನ್ನು ವೃದ್ಧಾಶ್ರಮದಲ್ಲಿ ಬಿಟ್ಟು ಹೊರದೇಶದಲ್ಲಿರುವವರು ಈ ಚರ್ಚೆಯನ್ನು ಓದುತ್ತಿರಬಹುದಾದ್ದರಿಂದ ಇಲ್ಲಿಯ ಸ್ಥಿತಿಯನ್ನು ಹೇಳುವುದು ಅಗತ್ಯ. ಹಿರಿಯರ ಮೇಲಿನ ದೌರ್ಜನ್ಯವನ್ನು ಕಂಡವರು ವರದಿ ಮಾಡಲೇಬೇಕು ಎಂಬ ಸ್ಪಷ್ಟ ಕಟ್ಟಳೆ ನಮ್ಮ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆಯಲ್ಲಿ ಇಲ್ಲ. ಅದರ 24ನೆಯ ಕಲಮು ಹಿರಿಯರನ್ನು ತೊರೆದುಹೋಗುವವರಿಗೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಹೇಳುತ್ತದೆ. ತೊರೆಯದೆ, ಹತ್ತಿರವೇ ಇಟ್ಟುಕೊಂಡು ಹಿಂಸಿಸುವುದನ್ನು ಕಂಡವರ ಕರ್ತವ್ಯದ ಬಗ್ಗೆ ಅದು ಮೌನವಾಗಿದೆ. ಮಕ್ಕಳ ವಿಷಯದಲ್ಲಿ ಹಾಗಲ್ಲ. ಪೋಕ್ಸೊ ಕಾಯ್ದೆಯ 19ನೆಯ ಕಲಮಿನಡಿ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆಯಿದೆ. ಮಾತು ಬಾರದ ಮಗುವಿಗೆ ಅನ್ವಯಿಸಿದ ವಿವೇಕವನ್ನು, ಮಾತು ಮರೆತ ಹಿರಿಯರಿಗೆ ನಮ್ಮ ಶಾಸನಸಭೆಗಳು ಇನ್ನೂ ಅನ್ವಯಿಸಿಲ್ಲ ಎಂಬುದು ನನ್ನ ದೂರು. ಆರೈಕೆ ಮನೆಗಳ ನೋಂದಣಿಯನ್ನೂ ಒಳಗೊಂಡಿದ್ದ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು, ಕಾಯ್ದೆಯಾಗಲಿಲ್ಲ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಹೊಡೆತ, ಅಕ್ರಮ ಬಂಧನ ಇವು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧಗಳೇ. ಬುದ್ಧಿಸ್ವಾಸ್ಥ್ಯವಿಲ್ಲದೆ, ಕಾಯಿಲೆಯಿಂದ ಅಥವಾ ದೈಹಿಕ ದೌರ್ಬಲ್ಯದಿಂದ ಅಸಹಾಯಕರಾದವರನ್ನು ನೋಡಿಕೊಳ್ಳುವುದಾಗಿ ಕರಾರು ಮಾಡಿಕೊಂಡು ಬೇಕೆಂದೇ ಅದನ್ನು ತಪ್ಪಿಸುವುದಕ್ಕೆ 357ನೆಯ ಕಲಮಿದೆ. ಹಣ ಪಡೆದು ನಡೆಸುವ ಆಶ್ರಮಗಳ ವಿಷಯದಲ್ಲಿ ಇದನ್ನು ವಕೀಲರೇ ಮರೆಯುವುದುಂಟು. ಹಿರಿಯರು ಅಂಗವೈಕಲ್ಯವುಳ್ಳವರಾಗಿದ್ದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 7ನೆಯ ಕಲಮಿನಡಿ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಡಬಹುದು. ಕೊಡಬಹುದು ಎಂದಿದೆ, ಕೊಡಬೇಕು ಎಂದಿಲ್ಲ. ಮೊದಲ ಹೆಜ್ಜೆಯಾಗಿ 14567 ಎಂಬ ಹಿರಿಯರ ಸಹಾಯವಾಣಿಗೆ ಕರೆ ಮಾಡಬಹುದು.

ಉತ್ತರ 4: ರಾತ್ರಿ ಪಾಳಿ

ನಾನೂ ಇದೇ ಪ್ರಾಂತ್ಯದಲ್ಲಿ ಒಂಬತ್ತು ವರ್ಷಗಳಿಂದ ಪಿಎಸ್‌ಡಬ್ಲ್ಯು. ವರದಿ ಮಾಡಬೇಡಿ ಎನ್ನುವುದಿಲ್ಲ. ಆದರೆ ಹಳೆಯ ನರ್ಸ್ ಅವರು ಬರೆದದ್ದರಲ್ಲಿ ಒಂದು ಮುಖ ಬಿಟ್ಟುಹೋಗಿದೆ. ನನ್ನ ಮಹಡಿಯಲ್ಲಿ ರಾತ್ರಿ 32 ಜನ ನಿವಾಸಿಗಳಿಗೆ ನಾನೊಬ್ಬಳೇ ಇರುವ ದಿನಗಳು ಉಂಟು. ಒಬ್ಬರನ್ನು ಶೌಚಾಲಯದಲ್ಲಿ ಹಿಡಿದು ಕೂರಿಸಿದ್ದಾಗ ಐದು ಬೆಲ್ ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಬೆಲ್ಲನ್ನು ಕೊಕ್ಕೆಗೆ ಸಿಕ್ಕಿಸುವುದು ಪಾಪವೇ, ನಾನು ಮಾಡಿಲ್ಲ. ಆದರೆ ಸಿಕ್ಕಿಸುವ ಕೈ ಯಾವ ಸ್ಥಿತಿಯಲ್ಲಿ ಇರುತ್ತದೆಂದು ನನಗೆ ಗೊತ್ತು. ದಿನಕ್ಕೆ ಪ್ರತಿ ನಿವಾಸಿಗೆ ಸರಾಸರಿ ನಾಲ್ಕು ಗಂಟೆಯ ಆರೈಕೆ ಎಂಬ ಗುರಿ ಕಾಯ್ದೆಯಲ್ಲಿದೆ, ನನ್ನ ರಾತ್ರಿಗಳಲ್ಲಿ ಅದು ಕಂಡಿಲ್ಲ.

ಕಡ್ಡಾಯ ವರದಿ ಈ ಪ್ರಾಂತ್ಯದಲ್ಲಿ 2010ರಿಂದಲೂ, ಹಿಂದಿನ ಕಾಯ್ದೆಯ ಕಾಲದಿಂದಲೂ ಇದೆ. ಆದರೂ 2020ರ ಕೋವಿಡ್ ಸಮಯದಲ್ಲಿ ಐದು ಹೋಮ್‌ಗಳಿಗೆ ನೆರವಿಗೆ ಕಳುಹಿಸಿದ ಸೈನಿಕರು ವರದಿ ಕೊಟ್ಟ ಮೇಲೆಯೇ ಅಲ್ಲಿಯ ಜಿರಳೆ, ಬದಲಿಸದ ಡೈಪರ್, ಕೂಗಿ ಕೂಗಿ ಸುಸ್ತಾದ ನಿವಾಸಿಗಳ ಕಥೆ ಜಗತ್ತಿಗೆ ತಿಳಿದದ್ದು. ವರದಿಯ ಕೊನೆಗೆ ಕೆಲಸ ಕಳೆದುಕೊಳ್ಳುವವಳು ಒಬ್ಬ ಪಿಎಸ್‌ಡಬ್ಲ್ಯು, ರಾತ್ರಿಗೆ ಒಬ್ಬಳೇ ಸಾಕು ಎಂದು ತೀರ್ಮಾನಿಸಿದವರಲ್ಲ. ಇದಕ್ಕೆ ಏನು ಹೇಳುತ್ತೀರಿ?

ಹಳೆಯ ನರ್ಸ್

ನಿಮ್ಮ ಮಾತಿನಲ್ಲಿ ಸತ್ಯವಿದೆ, ಅದನ್ನು ಮೊದಲೇ ಹೇಳದೆ ಇದ್ದದ್ದು ನನ್ನ ಲೋಪ. ಆದರೆ 28ನೆಯ ಕಲಮನ್ನು ಇನ್ನೊಮ್ಮೆ ಓದಿ ನೋಡಿ. ಅಲ್ಲಿ ನಿರ್ಲಕ್ಷ್ಯ ಎಂದು ಬರೆದಿರುವ ಕಡೆ ಸಿಬ್ಬಂದಿಯ ಜೊತೆಗೆ ಪರವಾನಗಿ ಪಡೆದ ಮಾಲೀಕರ ನಿರ್ಲಕ್ಷ್ಯವನ್ನೂ ಹೇಳಿದೆ. 32 ಜನರಿಗೆ ಒಬ್ಬಳು ಎಂಬುದರಿಂದ ನಿವಾಸಿಗೆ ಹಾನಿಯಾಗಿದ್ದರೆ, ಹಾನಿಯ ಅಪಾಯವಿದ್ದರೂ, ಅದು ವರದಿ ಮಾಡಬೇಕಾದ ವಿಷಯವೇ. ನಾವು ಆ ಅರ್ಧವನ್ನು ಬಳಸುವುದಿಲ್ಲ, ಅದಕ್ಕೇ ಇನ್‌ಸ್ಪೆಕ್ಟರ್ ಕೈಗೆ ಸಿಗುವುದು ಪಿಎಸ್‌ಡಬ್ಲ್ಯುವಿನ ಹೆಸರು ಮಾತ್ರ. ತುಂಗಾತೀರ ಅವರು ಆ ರಾತ್ರಿಗಳಲ್ಲಿ ಎಷ್ಟು ಜನ ಪಾಳಿಯಲ್ಲಿದ್ದರು ಎಂಬುದನ್ನೂ ಹೇಳಲಿ. ನೀವೂ ನಿಮ್ಮ ರಾತ್ರಿಗಳ ಲೆಕ್ಕವನ್ನು ಬರೆದಿಟ್ಟು ತಿಳಿಸಿ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಧ್ಯಾಹ್ನ ಪಾಳಿ ಮುಗಿಸಿ, ಬಸ್ ನಿಲ್ದಾಣದಲ್ಲಿ ನಿಂತೇ ಸಚಿವಾಲಯಕ್ಕೆ ಫೋನ್ ಮಾಡಿದೆ. ಕೇಳಿದವರು ಒಮ್ಮೆಯೂ ಯಾರು ಮಾಡಿದರು ಎಂದು ಒತ್ತಾಯಿಸಲಿಲ್ಲ. ಏನು ಕಂಡಿರಿ, ಯಾವಾಗ, ಯಾರಿಗೆ ಹೇಳಿದಿರಿ ಎಂದಷ್ಟೇ ಕೇಳಿ ಬರೆದುಕೊಂಡರು. ರಾತ್ರಿ ಪಾಳಿಯಲ್ಲಿ ಇಬ್ಬರಿರಬೇಕಾದ ಕಡೆ ಆ ವಾರ ಒಬ್ಬರೇ ಇದ್ದರು ಎಂಬುದನ್ನೂ, ರಾತ್ರಿ ಪಾಳಿ ಅವರ ಮಾತು ನೆನಪಿಟ್ಟುಕೊಂಡು, ಹೇಳಿದೆ. ಸಂಜೆ ಚಾರ್ಜ್ ನರ್ಸ್‌ಗೂ ವರದಿ ಮಾಡಿರುವುದಾಗಿ ನಾನೇ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ ಎಂದರು.

ಅಜ್ಜಿಯ ಮಗಳು ಇವತ್ತು ಬಂದಿದ್ದರು, ಕಚೇರಿಯ ಒಳಗೆ ಬಹಳ ಹೊತ್ತು ಕೂತಿದ್ದರು. ನನ್ನ ಹಿರಿಯ ಸಹೋದ್ಯೋಗಿ ಪಾಳಿ ಬದಲಾಗುವಾಗ ನನ್ನನ್ನು ನೋಡದೆ ಹೋದರು. ಅವರಿಗೆ ಗೊತ್ತಾಗಿದೆಯೋ ಇಲ್ಲವೋ ತಿಳಿಯದು. ಶುಕ್ರವಾರ ನಮ್ಮಿಬ್ಬರಿಗೂ ಒಂದೇ ಮಹಡಿ ಹಾಕಿದ್ದಾರೆ. ಯೂನಿಯನ್ ಪ್ರತಿನಿಧಿಗೆ ಹೇಳಿಟ್ಟಿದ್ದೇನೆ. ಇನ್‌ಸ್ಪೆಕ್ಟರ್ ಬಂದ ಮೇಲೆ, ಬರೆಯಬಹುದಾದಷ್ಟನ್ನು ಇಲ್ಲಿ ಬರೆಯುತ್ತೇನೆ.